ದಿನಕ್ಕೊಂದು ಸ್ವಾರಸ್ಯದ ಸಂಗತಿ ಬರೆಯಲು ಸರಕು ಎಲ್ಲಿಂದ ತರುತ್ತೀರಿ?

ಕರಿಹಲಗೆ, ಹಾಸನ

ನಮ್ಮ ಬಡಾವಣೆಯ ಗ್ರಂಥಾಲಯದ ಬಾಗಿಲ ಪಕ್ಕ ಒಂದು ಕರಿಹಲಗೆ ಇದೆ. ‘ನಿಮಗಿದು ಗೊತ್ತೇ?’ ಎಂಬ ತಲೆಬರಹದ ಕೆಳಗೆ ದಿನಕ್ಕೊಂದು ಸಂಗತಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾಲ್ಕೈದು ಸಾಲಿಗಿಂತ ಹೆಚ್ಚು ಜಾಗವಿಲ್ಲ. ಓದುವವರು ಪತ್ರಿಕೆಗೆಂದು ಬರುವ ಹಿರಿಯರು, ಮನೆಪಾಠಕ್ಕೆ ಹೋಗುವ ಮಕ್ಕಳು, ಪಕ್ಕದ ಬೇಕರಿಯಲ್ಲಿ ಚಹಾ ಕುಡಿಯುತ್ತ ನಿಲ್ಲುವವರು.

ಮೊದಮೊದಲು ಸರಾಗವಾಗಿ ಸಾಗಿತು. ಬೇಲೂರು ದೇವಾಲಯ 1117, ಗೊಮ್ಮಟ 981, ಹಲ್ಮಿಡಿ ಶಾಸನ ಸುಮಾರು 450, ಮಂಜರಾಬಾದ್ ಕೋಟೆಗೆ ನಕ್ಷತ್ರದ ಆಕಾರ, ಎಂಟು ಮೂಲೆ. ಜಿಲ್ಲೆಯ ದೊಡ್ಡ ಹೆಸರುಗಳೆಲ್ಲ ಹಲಗೆ ಏರಿ ಇಳಿದವು. ಈಗ ಮೊಬೈಲಿನಲ್ಲಿ ಹುಡುಕಿದರೆ ಆಕ್ಟೋಪಸ್‌ಗೆ ಮೂರು ಹೃದಯ ಎಂಬಂಥವೇ ಸಿಗುತ್ತವೆ. ಸುಳ್ಳಲ್ಲ, ಆದರೆ ಸಾಲಗಾಮೆ ರಸ್ತೆಯ ಹಲಗೆಯ ಮೇಲೆ ಆಕ್ಟೋಪಸ್‌ಗೆ ಏನು ಕೆಲಸ? ಬರೆಯುವ ಹವ್ಯಾಸವಿರುವವರು, ಕ್ವಿಜ್ ನಡೆಸುವವರು, ಮೇಷ್ಟರುಗಳು ಇಲ್ಲಿ ಬಹಳ ಜನ ಇದ್ದೀರಿ. ನಿತ್ಯದ ಬದುಕಿನಲ್ಲೇ ಇಂಥದ್ದು ಹೊಳೆಯುವುದು ಹೇಗೆ, ತಿಳಿಸಿ.

ಮಂಡಿ ಲೆಕ್ಕಿಗ, ಹಾಸನ

ಮೇಡಂ, ಮೊಬೈಲನ್ನು ಒಂದು ವಾರ ಬದಿಗಿಟ್ಟು ಅಕ್ಷರ ಕಂಡಲ್ಲೆಲ್ಲ ನಿಂತು ಓದಿ. ಚೀಲ, ಡಬ್ಬ, ಲಾರಿಯ ಹಿಂಭಾಗ, ಯಾವುದನ್ನೂ ಬಿಡಬೇಡಿ. ನನ್ನ ಕಸುಬಿನದೇ ಒಂದು ಹೇಳುತ್ತೇನೆ.

ಬೇಸಿಗೆಯ ಕೊನೆಗೆ ಬಿತ್ತನೆ ಆಲೂಗಡ್ಡೆಯ ಲಾರಿಗಳು ನಮ್ಮ ಮಂಡಿಗೆ ಸಾಲುಗಟ್ಟಿ ಬರುತ್ತವೆ. ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿರುವ ಊರು ಜಲಂಧರ್. ಹಾಸನದ ಆಲೂಗಡ್ಡೆ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದರ ಬೀಜ ಪಂಜಾಬಿನದು. ಇದು ಇಲ್ಲಿನ ರೈತರಿಗೆಲ್ಲ ಗೊತ್ತು. ಅಷ್ಟು ದೂರದಿಂದಲೇ ಏಕೆ ತರಬೇಕು ಎಂದು ಕೇಳಿ ನೋಡಿ, ಮಂಡಿಯಲ್ಲೇ ಅರ್ಧ ಜನ ತಲೆ ಕೆರೆದುಕೊಳ್ಳುತ್ತಾರೆ.

ಕಾರಣ ಒಂದು ಹೇನು. ಆಲೂಗಡ್ಡೆಯ ವೈರಸ್ ರೋಗಗಳನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವುದು ಸಸ್ಯಹೇನು. ಪಂಜಾಬಿನ ಬಯಲಿನಲ್ಲಿ ಚಳಿಗಾಲದ ಮೊದಲ ಭಾಗದಲ್ಲಿ ಅದರ ಕಾಟ ತೀರಾ ಕಡಿಮೆ. ಆ ಹೊತ್ತು ನೋಡಿಕೊಂಡು ಬೆಳೆ ತೆಗೆಯುತ್ತಾರೆ. ಹೇನು ಹೆಚ್ಚುವ ಮೊದಲೇ ಗಿಡದ ಮೇಲ್ಭಾಗವನ್ನು ಕತ್ತರಿಸಿಬಿಡುತ್ತಾರೆ. ಗಡ್ಡೆ ನೆಲದೊಳಗೇ ಬಲಿತು, ಶೀತಲಗೃಹ ಸೇರಿ, ನಮ್ಮ ಮುಂಗಾರಿನ ಹೊತ್ತಿಗೆ ಮೊಳಕೆಗೆ ಸಿದ್ಧವಾಗುತ್ತದೆ. ನಮ್ಮ ಹೊಲದ ಗಡ್ಡೆಯನ್ನೇ ವರ್ಷವರ್ಷವೂ ಬೀಜಕ್ಕಿಟ್ಟರೆ ರೋಗವನ್ನೂ ಜೊತೆಗೇ ಬಿತ್ತಿದಂತೆ.

ಇಷ್ಟು ಒಂದು ದಿನದ ಹಲಗೆಗೆ. ಮರುದಿನಕ್ಕೆ ಅಂಗಮಾರಿ ರೋಗ ಇದೆ. ಮೋಡ ಮುಚ್ಚಿ ಜಿಟಿಜಿಟಿ ಹಿಡಿದರೆ ನಮ್ಮ ಹೊಲಗಳನ್ನು ಕೆಲವೇ ದಿನಗಳಲ್ಲಿ ಕಪ್ಪಾಗಿಸುವ ಇದೇ ರೋಗ 1845ರಲ್ಲಿ ಐರ್ಲೆಂಡಿನಲ್ಲಿ ಕಾಣಿಸಿಕೊಂಡು ಮಹಾಕ್ಷಾಮಕ್ಕೆ ಕಾರಣವಾಯಿತು. ಮೂರನೆಯ ದಿನಕ್ಕೂ ಉಳಿದಿದೆ: ಅಂಗಮಾರಿಯನ್ನು ತರುವ ಫೈಟಾಫ್ತೊರ ನೋಡಲು ಶಿಲೀಂಧ್ರದಂತಿದ್ದರೂ ಶಿಲೀಂಧ್ರವಲ್ಲ. ಅದರ ಹತ್ತಿರದ ನೆಂಟಸ್ತಿಕೆ ಸಮುದ್ರದ ಕಂದು ಪಾಚಿಯ ಕಡೆಗೆ.

ಕೊಪ್ಪದ ತೋಟದವನು

ಮಂಡಿಯವರು ಹೇಳಿದ ಅಂಗಮಾರಿಯ ದಾಯಾದಿ ನಮ್ಮ ಅಡಿಕೆ ತೋಟದಲ್ಲಿದೆ. ಕೊಳೆರೋಗವೂ ಅದೇ ಫೈಟಾಫ್ತೊರ ಕುಲದ್ದು. ಆಲೂಗಡ್ಡೆಯವರಿಗೂ ನಮಗೂ ಮಳೆಗಾಲದಲ್ಲಿ ನಿದ್ದೆಗೆಡಿಸುವುದು ಒಂದೇ ಮನೆತನ ಎಂದಾಯಿತು.

ಅದಕ್ಕೆ ನಾವು ಹೊಡೆಯುವ ಔಷಧಿ ಬೋರ್ಡೋ ದ್ರಾವಣ: ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ. ಔಷಧಿ ಹೊಡೆಯುವವರ ಅಂಗಿ, ಉಗುರು, ಕೊನೆಗೆ ತೋಟದ ನಾಯಿಯ ಬೆನ್ನೂ ತಿಳಿನೀಲಿ ಆಗುವ ಕಾಲ ಅದು. ಬೋರ್ಡೋ ಎಂಬುದು ಫ್ರಾನ್ಸಿನ ದ್ರಾಕ್ಷಿ ನಾಡು. ದಾರಿಯ ಅಂಚಿನ ಬಳ್ಳಿಗಳಿಂದ ಹೋಗಿಬರುವವರು ಹಣ್ಣು ಕೀಳುತ್ತಾರೆಂದು ಅಲ್ಲಿನ ಬೆಳೆಗಾರರು ನೀಲಿ ಬಣ್ಣದ ಈ ಮಿಶ್ರಣವನ್ನು ಎಲೆಗಳ ಮೇಲೆ ಎರಚುತ್ತಿದ್ದರು. ನೋಡಿದರೆ ವಿಷವೆನ್ನಿಸಬೇಕು, ಕಳ್ಳರು ಮುಟ್ಟಬಾರದು, ಅಷ್ಟೇ ಉದ್ದೇಶ. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಆ ದಾರಿಯಲ್ಲಿ ಹೋಗುವಾಗ ಕಂಡದ್ದು ಬೇರೆಯೇ: ಒಳಗಿನ ಬಳ್ಳಿಗಳೆಲ್ಲ ಬೂಜುರೋಗದಿಂದ ಎಲೆ ಉದುರಿಸಿ ನಿಂತಿವೆ, ದಾರಿಯಂಚಿನವು ಮಾತ್ರ ಹಸಿರಾಗಿವೆ. ಕಳ್ಳರ ಭಯಕ್ಕೆ ಹುಟ್ಟಿದ ಔಷಧಿ ಅಲ್ಲಿಂದ ಲೋಕ ಸುತ್ತಿತು. ನಮ್ಮ ಮಲೆನಾಡಿನ ಅಡಿಕೆಗೆ ಅದನ್ನು ಹೊಂದಿಸಿದವರು ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದೂ ಅವರ ಮುತುವರ್ಜಿಯಿಂದಲೇ. ಅದಕ್ಕೆ ಮೊದಲು ಮಳೆಗಾಲಕ್ಕೆ ಮುನ್ನ ಮರ ಹತ್ತಿ ಕೊನೆಗೊನೆಗೂ ಕೊಟ್ಟೆ, ಅಂದರೆ ಮಳೆ ತಾಗದಂತೆ ಹೊದಿಕೆ, ಕಟ್ಟುವುದೊಂದೇ ದಾರಿಯಾಗಿತ್ತು.

ಇನ್ನೊಂದು. ದ್ರಾವಣ ಹದಕ್ಕೆ ಬಂದಿದೆಯೇ ಎಂದು ತಿಳಿಯಲು ಹಳಬರು ಅದರಲ್ಲಿ ಹೊಳೆಯುವ ಕತ್ತಿಯನ್ನೋ ಬ್ಲೇಡನ್ನೋ ಅದ್ದಿ ಹಿಡಿಯುತ್ತಾರೆ. ಕಬ್ಬಿಣದ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಎಂದು ಲೆಕ್ಕ. ಮತ್ತಷ್ಟು ಸುಣ್ಣದ ನೀರು ಸೇರಿಸಿ ಮತ್ತೆ ಅದ್ದುತ್ತಾರೆ. ಇದನ್ನು ನೋಡಲು ಎಲ್ಲಿಗೂ ಹೋಗಬೇಕಿಲ್ಲ. ಜೂನ್ ತಿಂಗಳಲ್ಲಿ ಯಾವುದೇ ತೋಟದ ಡ್ರಮ್ಮಿನ ಪಕ್ಕ ನಿಂತರೆ ಸಾಕು.

ಎರಡನೇ ಪಿಯುಸಿ, ಚನ್ನರಾಯಪಟ್ಟಣ

ಓದಲು ಚೆನ್ನಾಗಿದೆ ಸರ್. ಆದರೆ ಇಂಥ ಬಿಡಿ ಸಂಗತಿಗಳಿಂದ ಉಪಯೋಗವೇನು? ಪರೀಕ್ಷೆಗೆ ಬರುವುದಿಲ್ಲ, ನಾಳೆಗೆ ಮರೆತುಹೋಗುತ್ತದೆ.

ಮಂಡಿ ಲೆಕ್ಕಿಗ, ಹಾಸನ

ಬರುತ್ತದೆ ತಮ್ಮಾ. ಕೊಪ್ಪದವರ ಕತ್ತಿಯ ಮೇಲೆ ಕೂತ ತಾಮ್ರ ನಿನ್ನ ರಸಾಯನಶಾಸ್ತ್ರದ ಸ್ಥಾನಪಲ್ಲಟ ಕ್ರಿಯೆ. ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ, ಹಾಗಾಗಿ ತಾಮ್ರವನ್ನು ಹೊರಗೆ ತಳ್ಳುತ್ತದೆ. ಪಾಠದಲ್ಲಿ ಮರೆತರೂ ಡ್ರಮ್ಮಿನಲ್ಲಿ ಕಂಡದ್ದನ್ನು ಮರೆಯಲಾರೆ.

ಕರಿಹಲಗೆ, ಹಾಸನ

ಒಂದು ಚೀಲದಿಂದ ಐರ್ಲೆಂಡಿಗೂ ಅಲ್ಲಿಂದ ಕೊಪ್ಪಕ್ಕೂ ಬಂದೆವು! ನನ್ನ ಸಮಸ್ಯೆ ಏನೆಂದು ಈಗ ಸ್ವಲ್ಪ ತಿಳಿಯಿತು. ನಾನು ‘ಏನು’, ‘ಎಷ್ಟು’, ‘ಯಾವಾಗ’ ಎಂಬಲ್ಲಿಗೇ ನಿಲ್ಲಿಸುತ್ತಿದ್ದೆ. ‘ಏಕೆ ಇಲ್ಲಿಯೇ’ ಎಂದು ಕೇಳಿದಾಗ ಮಾತ್ರ ಮುಂದಿನ ಸಂಗತಿ ಬಾಲದಂತೆ ಹಿಂದೆ ಬರುತ್ತದೆ. ಬೇರೆಯವರೂ ಬರೆಯಿರಿ.

ಬಳಪದ ಕಲ್ಲು, ಬೇಲೂರು

ಬರೆಯುವ ಮೊದಲು ಒಂದು ಮನವಿ. ನಮ್ಮೂರಿನ ಬಗ್ಗೆ ಬರೆಯುವವರು ದಯವಿಟ್ಟು ಕೇಳಿದ್ದನ್ನೆಲ್ಲ ಬರೆಯಬೇಡಿ. ದೇವಾಲಯದ ಅಂಗಳದ ದೀಪಸ್ತಂಭದ ವಿಷಯವನ್ನೇ ತೆಗೆದುಕೊಳ್ಳಿ. ಅದು ಜಗಲಿಯ ಮೇಲೆ ತನ್ನ ಭಾರದಿಂದಲೇ ನಿಂತಿದೆ, ಒಂದು ಬದಿಯಲ್ಲಿ ಕಾಗದ ತೂರಿಸುವಷ್ಟು ಸಂದಿದೆ. ಅಷ್ಟು ನಿಜ, ಅಷ್ಟೇ ಸೊಗಸು. ಆದರೆ ‘ಗುರುತ್ವಾಕರ್ಷಣೆಗೆ ಸವಾಲು, ವಿಜ್ಞಾನಿಗಳಿಗೂ ಬಿಡಿಸಲಾಗದ ಒಗಟು’ ಎಂದು ಸೇರಿಸುತ್ತಾರಲ್ಲ, ಅದು ಬೇಡ. ಭಾರದ ಗೆರೆ ಬುಡದೊಳಗೇ ಬಿದ್ದರೆ ಯಾವ ಕಂಬವೂ ನಿಲ್ಲುತ್ತದೆ. ಗುರುತ್ವಾಕರ್ಷಣೆಗೆ ಸವಾಲು ಹಾಕುವುದಿರಲಿ, ಅದನ್ನು ನಂಬಿಕೊಂಡೇ ನಿಂತಿರುವ ಕಂಬ ಅದು.

ಹಾಗೆಯೇ ಜಕಣಾಚಾರಿಯ ಕಥೆ ಬಸ್ ನಿಲ್ದಾಣದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಬೇಲೂರಿನ ಶಿಲ್ಪಗಳ ಕೆಳಗೆ ತಮ್ಮ ಹೆಸರು ಕೆತ್ತಿಟ್ಟು ಹೋದ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇವರನ್ನು ಕೇಳಿದವರು ಎಷ್ಟು ಜನ? ಮದನಿಕೆಯ ಮುಖ ನೋಡಿ ಫೋಟೊ ತೆಗೆದು ಹೊರಡುವವರು ಅವಳ ಪಾದದ ಕೆಳಗೆ ಕಣ್ಣು ಹಾಯಿಸುವುದಿಲ್ಲ. ನುಗ್ಗೇಹಳ್ಳಿಗೆ ಹೋಗಿ ನೋಡಿ. 1246ರ ಆ ದೇವಾಲಯದ ಗೋಡೆಯಲ್ಲಿ ಒಂದು ಬದಿ ಮಲ್ಲಿತಮ್ಮನದು, ಇನ್ನೊಂದು ಬದಿ ಬೈಚೋಜನದು. ಇಬ್ಬರೂ ಸಹಿ ಮಾಡಿದ್ದಾರೆ. ಪೈಪೋಟಿಯೋ ಹಂಚಿಕೆಯೋ, ಒಂದು ಸುತ್ತು ಬಂದರೆ ಎರಡು ಕೈಗಳ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಇದೇ ಮಲ್ಲಿತಮ್ಮನ ಸಹಿ 1258ರ ಸೋಮನಾಥಪುರದಲ್ಲೂ ಇದೆ.

ಅರಸೀಕೆರೆ ತೆಂಗು

ಬಳಪದ ಕಲ್ಲು ಸರ್, ನಿಮ್ಮಷ್ಟು ಕಟ್ಟುನಿಟ್ಟಾದರೆ ಓದುವವರು ಓಡಿಹೋಗುತ್ತಾರೆ. ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದ ಕಥೆಗೆ ಯಾವ ದಾಖಲೆ ಇದೆ? ಅದನ್ನು ಬಿಟ್ಟು ಚಿಕ್ಕಮಗಳೂರಿನ ಕಾಫಿಯ ಬಗ್ಗೆ ಬರೆಯುವುದು ಹೇಗೆ? ಕಥೆಯೂ ಜನರ ಆಸ್ತಿಯೇ.

ಬಳಪದ ಕಲ್ಲು, ಬೇಲೂರು

ಬಿಡಬೇಕೆಂದು ನಾನು ಎಲ್ಲಿ ಹೇಳಿದೆ? ‘ಎಂಬ ಪ್ರತೀತಿ ಇದೆ’ ಎಂದು ಬರೆಯಿರಿ. ಮೂರೇ ಪದ, ಹಲಗೆಯಲ್ಲಿ ಜಾಗವಿದೆ. ಪ್ರತೀತಿಯನ್ನು ಪ್ರತೀತಿ ಎಂದೂ ದಾಖಲೆಯನ್ನು ದಾಖಲೆ ಎಂದೂ ಕರೆದರೆ ಎರಡಕ್ಕೂ ಮರ್ಯಾದೆ.

ಮುಂಜಾನೆ ಬಸ್ಸು, ಆಲೂರು

ನಾನು ಕಿಟಕಿಯ ಪಕ್ಕ ಕೂರುವ ಜಾತಿ. ಕಿಲೋಮೀಟರ್ ಕಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಇದು ಬಹಳ ಜನರಿಗೆ ಗೊತ್ತು. ನನಗೆ ಕುತೂಹಲ ಹುಟ್ಟಿದ್ದು ಸಂಖ್ಯೆಯಿಂದ. ಹಾಸನ–ಸಕಲೇಶಪುರ ರಸ್ತೆಯನ್ನು ಹಳಬರು ಇನ್ನೂ 48 ಎನ್ನುತ್ತಾರೆ, ಫಲಕದಲ್ಲಿ 75 ಇದೆ. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಮರುಸಂಖ್ಯೆ ಕೊಟ್ಟರು: ಪೂರ್ವ–ಪಶ್ಚಿಮಕ್ಕೆ ಹೋಗುವವಕ್ಕೆ ಬೆಸ ಸಂಖ್ಯೆ, ಉತ್ತರ–ದಕ್ಷಿಣಕ್ಕೆ ಹೋಗುವವಕ್ಕೆ ಸಮ ಸಂಖ್ಯೆ. ಬೆಸ ಸಂಖ್ಯೆಗಳು ಉತ್ತರದಿಂದ ದಕ್ಷಿಣಕ್ಕೆ ಬಂದಂತೆ ದೊಡ್ಡವಾಗುತ್ತವೆ. ನಮ್ಮಿಂದ ಹೋದ 48 ಈಗ ದಾವಣಗೆರೆ, ತುಮಕೂರು ಹಾದು ಚೆನ್ನೈಗೆ ಹೋಗುವ ದೆಹಲಿಯ ಹೆದ್ದಾರಿಗೆ ಅಂಟಿಕೊಂಡಿದೆ.

ನಿವೃತ್ತ ಅಂಚೆ, ಕಡೂರು

ಪಿನ್‌ಕೋಡ್ ಸೇರಿಸಿಕೊಳ್ಳಿ. 1972ರ ಆಗಸ್ಟ್ 15ರಂದು ಜಾರಿಗೆ ಬಂತು. ಮೊದಲ ಅಂಕಿ 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣ. 9 ಸೇನೆಯ ಅಂಚೆಗೆ ಮೀಸಲು. ಹಾಸನ ಜಿಲ್ಲೆ 573, ಚಿಕ್ಕಮಗಳೂರು 577. ಪಕ್ಕಪಕ್ಕದಲ್ಲೇ ಇದ್ದರೂ ಅಂಚೆಯ ಲೆಕ್ಕದಲ್ಲಿ ಚಿಕ್ಕಮಗಳೂರು ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗಗಳ ಬಳಗ. ಮೊದಲ ಮೂರು ಅಂಕಿ ಪತ್ರವನ್ನು ವಿಂಗಡಿಸುವ ಜಾಗವನ್ನು ಹೇಳುತ್ತದೆಯೇ ಹೊರತು ಜಿಲ್ಲೆಯ ಗಡಿಯನ್ನಲ್ಲ.

ಮೂಡಿಗೆರೆ ಇಬ್ಬನಿ

ಅಕ್ಷರ ಓದಿ ಎಂದರು ಮಂಡಿಯವರು. ನಾನು ಹೇಳುವುದು, ಕೈಕೆಲಸ ಮಾಡುವವರ ಮಾತು ಕೇಳಿ. ಅವರ ಬಾಯಲ್ಲಿ ಬರುವ ಲೆಕ್ಕಗಳೇ ಬೇರೆ.

ಕಾಫಿ ತೋಟದವರು ಮಳೆಯನ್ನು ಇಂದಿಗೂ ಇಂಚು, ಸೆಂಟ್ಸ್‌ನಲ್ಲಿ ಹೇಳುತ್ತಾರೆ. ‘ನಿನ್ನೆ ಒಂದು ಇಂಚು ಇಪ್ಪತ್ತು ಸೆಂಟ್ಸ್ ಆಯಿತು’ ಎಂದರೆ 1.20 ಇಂಚು, ಅಂದರೆ ಮೂವತ್ತು ಮಿಲಿಮೀಟರ್‌ಗಿಂತ ಸ್ವಲ್ಪ ಹೆಚ್ಚು. ಪತ್ರಿಕೆ ಮಿಲಿಮೀಟರ್‌ನಲ್ಲಿ ಬರೆದರೆ ನಮ್ಮ ತಂದೆ ಅದನ್ನು ಮಳೆಯೆಂದೇ ಒಪ್ಪುವುದಿಲ್ಲ. ಅಂಗಳದ ಮಳೆಮಾಪಕದ ನೀರನ್ನು ಬೆಳಗ್ಗೆ ಅಳೆದು ಪುಸ್ತಕದಲ್ಲಿ ಬರೆದಿಡುವುದು ಎಷ್ಟೋ ತೋಟದ ಮನೆಗಳ ರೂಢಿ. ಅಂಥ ಹಳೆಯ ಪುಸ್ತಕ ಯಾರ ಮನೆಯಲ್ಲಾದರೂ ಸಿಕ್ಕಿದರೆ ನಿಮ್ಮ ಹಲಗೆಗೆ ಒಂದು ವರ್ಷದ ದಾಸ್ತಾನು.

ಆ ಸೆಂಟ್ಸ್‌ಗೆ ಅಷ್ಟು ಬೆಲೆ ಏಕೆಂದರೆ ಹೂಮಳೆ. ಬೇಸಿಗೆಯಲ್ಲಿ ಒಣಗಿ ಕಾದಿರುವ ಮೊಗ್ಗುಗಳಿಗೆ ಒಂದು ಹದ ಮಳೆ ಬಿದ್ದರೆ ಎಂಟು-ಹತ್ತು ದಿನದಲ್ಲಿ ಬೆಟ್ಟವೆಲ್ಲ ಬೆಳ್ಳಗೆ ಹೂವಾಗುತ್ತದೆ. ಇಲ್ಲಿ ಅರೇಬಿಕಾ, ರೋಬಸ್ಟಾ ಬೇರೆಯಾಗುತ್ತವೆ. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ. ರೋಬಸ್ಟಾಗೆ ಬೇರೆ ಗಿಡದ ಪರಾಗವೇ ಬೇಕು, ಗಾಳಿಯೋ ಜೇನೋ ತಂದುಕೊಡಬೇಕು. ಹೂವಿನ ದಿನಗಳಲ್ಲಿ ಜೋರು ಮಳೆ ಹಿಡಿದರೆ ರೋಬಸ್ಟಾದವರ ಮುಖ ಸಣ್ಣದಾಗುವುದು ಅದಕ್ಕೇ. ತಮಾಷೆ ಎಂದರೆ, ಅರೇಬಿಕಾ ಹುಟ್ಟಿದ್ದೇ ರೋಬಸ್ಟಾ ಜಾತಿಗೂ ಯುಜೆನಿಯೋಯಿಡಿಸ್ ಎಂಬ ಇನ್ನೊಂದು ಕಾಡು ಕಾಫಿಗೂ ಆದ ಸಹಜ ಸಂಕರದಿಂದ. ಅದಕ್ಕೆ 44 ವರ್ಣತಂತುಗಳು, ರೋಬಸ್ಟಾಗೆ 22. ಬೆಲೆಯಲ್ಲಿ ಮೇಲೆ ಕೂರುವ ಅರೇಬಿಕಾ, ವಂಶದಲ್ಲಿ ರೋಬಸ್ಟಾದ ಮಗು.

ನೆತ್ತಿಯ ಮೇಲೂ ನೋಡಿ. ಹಳೆಯ ಮನೆಗಳ ಹೆಂಚು ಇಳಿಸುವಾಗ ಬೆನ್ನು ತಿರುಗಿಸಿದರೆ ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಬಂದ ಹೆಂಚುಗಳ ವಂಶ ಅದು.

ಸಕಲೇಶಪುರದ ಕೊಡೆ

ನಮ್ಮ ಬಿಸಿಲೆ ದಾರಿಯಲ್ಲಿ ಒಂದು ಕಲ್ಲು ನೆಟ್ಟಿದ್ದಾರೆ. ಅದರ ಒಂದು ಬದಿಗೆ ಬಿದ್ದ ಹನಿ ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ಇನ್ನೊಂದು ಬದಿಗೆ ಬಿದ್ದದ್ದು ಕುಮಾರಧಾರಾ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಮಳೆಯಲ್ಲಿ ನೋಡಲು ಹೋಗುವವರು ಇಂಬಳಕ್ಕೆ (ಜಿಗಣೆಗೆ) ಉಪ್ಪಿನ ಗಂಟು ಕಟ್ಟಿಕೊಂಡು ಹೋಗಿ. ಇಂಬಳ ಕಿತ್ತ ಮೇಲೂ ರಕ್ತ ನಿಲ್ಲದಿರುವುದು ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಇರುವುದರಿಂದ. ಇದೂ ಒಂದು ದಿನದ ಹಲಗೆ.

ಕರಿಹಲಗೆ, ಹಾಸನ

ಎಲ್ಲರ ಮಾತು ಕೇಳಿ ನಾನೂ ಇವತ್ತು ಮಹಡಿ ಹತ್ತಿ ನೋಡಿದೆ. ನಮ್ಮ ಬೀದಿಯ ಟಿವಿ ಡಿಶ್‌ಗಳೆಲ್ಲ ಒಂದೇ ಕಡೆಗೆ, ಆಗ್ನೇಯಕ್ಕೆ ಮುಖ ಮಾಡಿವೆ. ಬೇರೆ ಬೇರೆ ಕಂಪನಿಯವು, ಆದರೂ ಒಂದೂ ಉತ್ತರಕ್ಕೆ ತಿರುಗಿಲ್ಲ. ಕುಳಿತು ವಿಚಾರಿಸಿದೆ. ಟಿವಿಯ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಭೂಮಿಯ ಜೊತೆಗೇ ತಿರುಗುತ್ತ, ನಮಗೆ ನಿಂತಲ್ಲೇ ನಿಂತಂತೆ ಕಾಣುತ್ತವೆ. ನಾವು ಸಮಭಾಜಕದ ಉತ್ತರಕ್ಕಿರುವುದರಿಂದ ಡಿಶ್ ದಕ್ಷಿಣದತ್ತ ಬಾಗಲೇಬೇಕು. ಉಚಿತ ದೂರದರ್ಶನದ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಹಾಸನ ಸುಮಾರು 76ರಲ್ಲಿ. ಆದ್ದರಿಂದ ಪೂರ್ವಕ್ಕೂ ತಿರುಗಬೇಕು. ಎರಡೂ ಸೇರಿ ಆಗ್ನೇಯ.

ನನಗೆ ಹೆಚ್ಚು ಖುಷಿ ಕೊಟ್ಟದ್ದು ಮುಂದಿನದು. ದೇಶದ ಇಂಥ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ಕಾಯ್ದು ನಿಲ್ಲಿಸುವ ಇಸ್ರೊದ ಎಂಸಿಎಫ್ (ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ) ನಮ್ಮ ಸಾಲಗಾಮೆ ರಸ್ತೆಯಲ್ಲೇ 1982ರಿಂದ ಇದೆ. ಭೋಪಾಲದಲ್ಲಿ ಇನ್ನೊಂದಿದೆ. ಡಿಶ್ ನೋಡುವುದು ಆಕಾಶವನ್ನು, ಆಕಾಶದಲ್ಲಿರುವುದನ್ನು ನೋಡಿಕೊಳ್ಳುವವರು ನಮ್ಮೂರ ಬಸ್ಸಿನಲ್ಲಿ ಓಡಾಡುವವರು. ನಾಳೆಯ ಹಲಗೆಗೆ ಇದೇ.

ಬಳಪದ ಕಲ್ಲು, ಬೇಲೂರು

ಮೇಡಂ, ಇದು ಚೆನ್ನಾಗಿದೆ. ಬರೆಯುವಾಗ ‘ನಿಮ್ಮ ಮಹಡಿಯ ಡಿಶ್ ಯಾವ ದಿಕ್ಕಿಗಿದೆ?’ ಎಂದು ಪ್ರಶ್ನೆ ಮಾತ್ರ ಬರೆದು, ಉತ್ತರವನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ಹಲಗೆ ಓದಿದವರು ಮನೆಗೆ ಹೋಗಿ ತಲೆ ಎತ್ತಿ ನೋಡಲಿ.

ಅರಸೀಕೆರೆ ತೆಂಗು

ನನ್ನದೊಂದು ಪ್ರಶ್ನೆ, ಉತ್ತರ ಗೊತ್ತಿದ್ದವರು ಹೇಳಿ. ಗೋಡೆ ಕ್ಯಾಲೆಂಡರಿನಲ್ಲಿ ಗೌರಿ ಹಬ್ಬ, ದೀಪಾವಳಿ ಪ್ರತಿ ವರ್ಷ ಹಿಂದೆಮುಂದೆ ಆಗುತ್ತವೆ. ಆದರೆ ಮೃಗಶಿರಾ ಮಳೆ ಮಾತ್ರ ಜೂನ್ 8ರ ಆಸುಪಾಸಿನಲ್ಲೇ ಹುಟ್ಟುತ್ತದೆ. ಒಂದೇ ಪಂಚಾಂಗ, ಎರಡು ಲೆಕ್ಕ ಏಕೆ?

ನಿವೃತ್ತ ಅಂಚೆ, ಕಡೂರು

ಹಬ್ಬಗಳು ಚಂದ್ರನ ತಿಥಿಯವು, ಮಳೆ ನಕ್ಷತ್ರಗಳು ಸೂರ್ಯನವು. ಸೂರ್ಯ 27 ನಕ್ಷತ್ರಗಳನ್ನು ಹಾದುಹೋಗಲು ಒಂದು ವರ್ಷ. 365ನ್ನು 27ರಿಂದ ಭಾಗಿಸಿ, ಹದಿಮೂರೂವರೆ ದಿನ ಬರುತ್ತದೆ. ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನ ಬಂದದ್ದು ಹೀಗೆ. ಸಂಕ್ರಾಂತಿಯೂ ಸೂರ್ಯನ ಲೆಕ್ಕದ್ದೇ, ಆದ್ದರಿಂದಲೇ ಜನವರಿ 14, 15 ಬಿಟ್ಟು ಕದಲುವುದಿಲ್ಲ. ತೀರಾ ಕದಲುವುದೇ ಇಲ್ಲ ಎಂದಲ್ಲ. ನಕ್ಷತ್ರಗಳನ್ನು ನೋಡಿ ಅಳೆಯುವ ವರ್ಷ ಋತುಗಳ ವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ಉದ್ದ. ಹಾಗಾಗಿ ಎಪ್ಪತ್ತು ವರ್ಷಕ್ಕೆ ಸುಮಾರು ಒಂದು ದಿನ ಮುಂದಕ್ಕೆ ಜರುಗುತ್ತವೆ, ಮಳೆಗಳೂ ಜೊತೆಗೆ.

ಕೊಪ್ಪದ ತೋಟದವನು

ಹಾಗಾದರೆ ನಮ್ಮ ಮುತ್ತಜ್ಜ ಕೊಳೆಗೆ ಕೊಟ್ಟೆ ಕಟ್ಟಿಸುತ್ತಿದ್ದ ಆರಿದ್ರಾ, ನಾನು ಔಷಧಿ ಹೊಡೆಸುವ ಆರಿದ್ರಾಗಿಂತ ಒಂದು ದಿನ ಮುಂಚೆಯೇ ಹುಟ್ಟುತ್ತಿತ್ತು ಎಂದಾಯಿತು. ಅಂಚೆಯವರೇ, ಹಳೆಯ ಪಂಚಾಂಗ ಯಾರ ಬಳಿಯಾದರೂ ಇದ್ದರೆ ತಾಳೆ ನೋಡೋಣ. ನಮ್ಮ ಅಟ್ಟದಲ್ಲಿದ್ದವನ್ನು ಗೆದ್ದಲು ಮುಗಿಸಿದೆ.